ಹಳೆಯ ಮೋಟಾರಿನಲ್ಲಿ ಆಗುಂಬೆಯ ಘಟ್ಟ

ಬೆಂಗಳೂರಿನ ಪುರಭವನದ ಬಳಿಯಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜಯಚಾಮರಾಜೇಂದ್ರ ರಸ್ತೆಯು ನೋಡಲು ಅಂದವಾದ ಬೀದಿಯೇನೂ ಅಲ್ಲ. ರವೀಂದ್ರ ಕಲಾಕ್ಷೇತ್ರದ ಮರಗಳ ನೆರಳನ್ನು ದಾಟಿದೊಡನೆ ಮೋಟಾರು ಗಾಡಿಗಳ ಬಿಡಿಭಾಗಗಳ ಅಂಗಡಿಗಳು ಕಣ್ಣಿಗೆ ಬೀಳತೊಡಗುತ್ತವೆ. ಹೂವಿನಂಗಡಿಯಲ್ಲಿ ಹಾರಗಳು ತೂಗುವಂತೆ ಇಲ್ಲಿ ಕಪ್ಪು ರಬ್ಬರಿನ ಪಟ್ಟಿಗಳು ತೂಗುತ್ತವೆ. ಗಾಜಿನ ಬೀರುಗಳಲ್ಲಿ ಬೇರಿಂಗುಗಳು ಬೆಳ್ಳಿಯ ಸಾಮಾನುಗಳಂತೆ ಹೊಳೆಯುತ್ತವೆ. ಜನರು ಇದನ್ನು ಚಿಕ್ಕದಾಗಿ ಜೆ.ಸಿ. ರಸ್ತೆಯೆನ್ನುತ್ತಾರೆ. ಹಳೆಯ ಗಾಡಿಯುಳ್ಳ ಗೃಹಸ್ಥನಿಗೆ ಇದು ಔಷಧಿಯ ಅಂಗಡಿಯ ಬೀದಿಯಿದ್ದ ಹಾಗೆ. ವರ್ಷಕ್ಕೆ ನಾಲ್ಕೈದು ಸಲವಾದರೂ ಇಲ್ಲಿಗೆ ಬಾರದೆ ನಡೆಯುವುದಿಲ್ಲ.

ನಮ್ಮದು ೨೦೦೩ನೆಯ ಇಸವಿಯ ಮಾರುತಿ ೮೦೦. ಹೆಸರಿಗೆ ಎಂಟುನೂರು, ನಿಜವಾಗಿ ಅದರ ಇಂಜಿನ್ನಿನ ಗಾತ್ರ ೭೯೬ ಸಿ.ಸಿ., ಸಿಲಿಂಡರುಗಳು ಮೂರು. ಈ ಗಾಡಿಯು ೧೯೮೩ರ ಡಿಸೆಂಬರಿನಲ್ಲಿ ಮೊದಲು ರಸ್ತೆಗೆ ಬಂದಿತು. ಹೊಗೆಯ ನಿಯಮಗಳು ಬಿಗಿಯಾದುದರಿಂದ ೨೦೧೦ರಲ್ಲಿ ಬೆಂಗಳೂರೂ ಸೇರಿದಂತೆ ೧೩ ನಗರಗಳಲ್ಲಿ ಇದರ ಮಾರಾಟವನ್ನು ನಿಲ್ಲಿಸಿದರು. ೨೦೧೪ರ ಜನವರಿಯಲ್ಲಿ ತಯಾರಿಕೆಯೇ ಮುಗಿಯಿತು. ಆ ಮೂವತ್ತು ವರ್ಷಗಳಲ್ಲಿ ೨೫ ಲಕ್ಷಕ್ಕೂ ಮಿಗಿಲಾದ ಗಾಡಿಗಳು ಮಾರಾಟವಾದುವು. ಬಡವನ ಗಾಡಿಗೆ ಇದೇ ದೊಡ್ಡ ಆಸ್ತಿ. ಎಲ್ಲೆಲ್ಲಿಯೂ ಇದ್ದ ಗಾಡಿಯಾದುದರಿಂದ ಅದರ ಭಾಗಗಳು ಎಲ್ಲೆಲ್ಲಿಯೂ ದೊರೆಯುತ್ತವೆ, ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಹೋಬಳಿಯ ಊರುಗಳಲ್ಲಿಯೂ ಇವೆ.

ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಕ್ಕೂ ಒಂದು ಕ್ರಮವುಂಟು. ಸವೆದ ಭಾಗವನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಹೋಗಿ ಕಟ್ಟೆಯ ಮೇಲಿಡಬೇಕು. ಹೆಸರು ಹೇಳಿ ಕೇಳುವುದಕ್ಕಿಂತ ಇದು ಮೇಲು. ಅಂಗಡಿಯವರು ಅದನ್ನು ಒಮ್ಮೆ ತಿರುಗಿಸಿ ನೋಡಿ, “ಕಂಪೆನಿಯದು ಬೇಕೋ, ಲೋಕಲ್ ಬೇಕೋ?” ಎಂದು ಕೇಳುತ್ತಾರೆ. ಇವೆರಡರ ಜೊತೆಗೆ ಮೂರನೆಯದೊಂದಿದೆ. ಅದು ಇಲ್ಲಿಲ್ಲ, ಶಿವಾಜಿನಗರದ ಗುಜರಿಯಲ್ಲಿದೆ. ಅಲ್ಲಿ ಬಿಚ್ಚಿ ಹಾಕಿದ ಗಾಡಿಗಳ ಬಾಗಿಲು, ಕನ್ನಡಿ, ದೀಪ, ಹಿಡಿಕೆ ಎಲ್ಲವೂ ರಾಶಿ ಬಿದ್ದಿರುತ್ತವೆ. ಯಾವುದನ್ನು ಎಲ್ಲಿ ಕೊಳ್ಳಬೇಕೆಂಬುದಕ್ಕೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿದೆ. ಗಾಡಿಯನ್ನು ಓಡಿಸುವ, ತಿರುಗಿಸುವ, ನಿಲ್ಲಿಸುವ ಭಾಗಗಳು ಹೊಸವೂ ಅಸಲಿಯೂ ಆಗಿರಬೇಕು. ಮುಚ್ಚುವ, ತೋರಿಸುವ, ಅಲಂಕರಿಸುವ ಭಾಗಗಳು ಗುಜರಿಯಿಂದ ಬಂದರೂ ಬಾಧಕವಿಲ್ಲ. ನಮ್ಮ ಗಾಡಿಯ ಎಡಗಡೆಯ ಕನ್ನಡಿಯೂ ಹಿಂದಿನ ಬಾಗಿಲಿನ ಗಾಜೇರಿಸುವ ಹಿಡಿಯೂ ಗುಜರಿಯವು. ಹಿಡಿಯ ಬಣ್ಣ ಬೇರೆ; ಅದರಿಂದ ಗಾಜು ಏರುವುದೇನೂ ನಿಂತಿಲ್ಲ.

ಈಗ ವೆಚ್ಚದ ಮಾತು. ಪ್ರತಿ ತಿಂಗಳೂ ಗಾಡಿಯ ಹೆಸರಿನಲ್ಲಿ ೨,೦೦೦ ರೂಪಾಯಿಗಳನ್ನು ತೆಗೆದಿಡುತ್ತೇವೆ. ಪೆಟ್ರೋಲು ಇದರಲ್ಲಿ ಸೇರಿಲ್ಲ. ಎಣ್ಣೆ ಬದಲಾಯಿಸುವುದು, ಟಯರು, ಬ್ಯಾಟರಿ, ವಿಮೆ, ಆರು ತಿಂಗಳಿಗೊಮ್ಮೆ ಹೊಗೆಯ ತಪಾಸಣೆ ಎಲ್ಲವೂ ಈ ಗಂಟಿನಿಂದಲೇ ನಡೆಯಬೇಕು. ಇತರರಿಗಾಗುವ ಹಾನಿಯ ವಿಮೆಯು ಕಡ್ಡಾಯ; ಸಾವಿರ ಸಿ.ಸಿ.ಗೆ ಮೀರದ ಗಾಡಿಗಳಿಗೆ ೨೦೨೨ರಲ್ಲಿ ೨,೦೯೪ ರೂಪಾಯಿ ಎಂದು ನಿಗದಿಯಾಯಿತು, ತೆರಿಗೆ ಬೇರೆ. ಇವೆಲ್ಲವೂ ಹೇಗೋ ತೂಗಿಕೊಳ್ಳುತ್ತವೆ. ತೂಗದಿರುವುದು ನೋಂದಣಿಯ ನವೀಕರಣ. ಸ್ವಂತದ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಯಲ್ಲಿ ಗಾಡಿಯನ್ನು ತೋರಿಸಿ ನವೀಕರಿಸಬೇಕು. ನಾವು ೨೦೧೮ರಲ್ಲಿ ಮೊದಲ ಬಾರಿಗೆ ನವೀಕರಿಸಿದಾಗ ಶುಲ್ಕವು ೬೦೦ ರೂಪಾಯಿಯಿತ್ತು. ೨೦೨೨ರ ಏಪ್ರಿಲಿನಲ್ಲಿ ಅದು ೫,೦೦೦ವಾಯಿತು. ೨೦೨೩ರಲ್ಲಿ ಅಷ್ಟನ್ನೇ ಕಟ್ಟಿದೆವು. ೨೦೨೫ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಮೋಟಾರು ಕಾರುಗಳಿಗೆ ೧೦,೦೦೦ವೆಂದು ಗೊತ್ತುಮಾಡಿದರು. ಇದೇ ದರ ಉಳಿದರೆ ೨೦೨೮ರಲ್ಲಿ ನಮ್ಮ ಪಾಲಿಗೆ ಬರುವುದು ಅದೇ.

ಈ ಸುದ್ದಿ ಬಂದ ದಿನದಿಂದ ಮನೆಯಲ್ಲಿ ಚರ್ಚೆ ಹತ್ತಿಕೊಂಡಿತು. “ಅಪ್ಪ, ಈಗಲೇ ಕೊಟ್ಟುಬಿಡೋಣ. ಇನ್ನೆರಡು ವರ್ಷ ಕಳೆದರೆ ಗುಜರಿಯವರೂ ಕೇಳುವುದಿಲ್ಲ” ಎಂಬುದು ನಮ್ಮ ಮಗನ ಪಕ್ಷ. ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಹಳೆಯ ಗಾಡಿಯಲ್ಲಿ ಗಾಳಿಯ ಚೀಲಗಳಿಲ್ಲ, ಈಗಿನ ಗಾಡಿಗಳ ಗಟ್ಟಿತನವಿಲ್ಲ, ಇದನ್ನು ಒಪ್ಪಲೇಬೇಕು. ಇನ್ನೊಂದು ಪಕ್ಷ ನಮ್ಮ ದೊಡ್ಡಮ್ಮನವರದು. ಅವರಿಗೆ ಎಪ್ಪತ್ತೊಂಬತ್ತು ವರ್ಷ, ಎರಡು ಮೊಣಕಾಲುಗಳಲ್ಲಿಯೂ ನೋವು. ಬಸ್ಸಿನ ಮೆಟ್ಟಿಲು ಅವರ ಪಾಲಿಗೆ ಬೆಟ್ಟ. ಈ ಗಾಡಿಯಲ್ಲಾದರೆ ಮೊದಲು ಓರೆಯಾಗಿ ಕುಳಿತು, ಆಮೇಲೆ ಒಂದೊಂದೇ ಕಾಲನ್ನು ಒಳಗೆ ತೆಗೆದುಕೊಳ್ಳಬಹುದು. ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿ, ಅಲ್ಲಿಂದ ಘಟ್ಟ ಇಳಿದು ಹೆಬ್ರಿಯಲ್ಲಿರುವ ತಂಗಿಯ ಮನೆ. ಅವರು ಹೊರಗೆ ಹೋಗುವುದೆಂದರೆ ಇಷ್ಟೆ. ಬಾಡಿಗೆಯ ಗಾಡಿ ಐದು ದಿನ ಕಾದು ನಿಂತರೆ ಆಗುವ ಖರ್ಚನ್ನು ಎಣಿಸಿದಾಗ ಅವರೇ, “ಹಾಗಾದರೆ ಬೇಡ ಬಿಡು” ಎಂದುಬಿಡುತ್ತಾರೆ. ಕೊನೆಗೆ ಒಂದು ಒಪ್ಪಂದವಾಯಿತು. ಈ ಸಲ ಗಾಡಿಯು ಘಟ್ಟವನ್ನು ಇಳಿದು ಹತ್ತಿ ಬರಲಿ. ಬಂದ ರೀತಿಯನ್ನು ನೋಡಿ ತೀರ್ಮಾನಿಸುವುದು.

ಹೊರಡುವುದಕ್ಕೆ ಮುಂಚೆ ನೋಟ್ ಪುಸ್ತಕವನ್ನು ತೆಗೆದೆವು. ಗಾಡಿಯೊಳಗೇ ಇರುವ ಈ ಪುಸ್ತಕದಲ್ಲಿ ಪೆಟ್ರೋಲು ಹಾಕಿಸಿದಾಗಲೆಲ್ಲ ತಾರೀಖು, ಓಡಿದ ಕಿಲೋಮೀಟರು, ತುಂಬಿದ ಲೀಟರು ಬರೆಯುವುದು ಪದ್ಧತಿ. ಗಾಡಿಯು ಕಾಯಿಲೆಯನ್ನು ತೋರಿಸುವುದಕ್ಕೆ ಮೊದಲೇ ಪುಸ್ತಕವು ಅದನ್ನು ತೋರಿಸುತ್ತದೆ. ಲೀಟರಿಗೆ ೧೬-೧೭ ಕಿಲೋಮೀಟರು ಬರುತ್ತಿದ್ದುದು ನವೆಂಬರಿನಲ್ಲಿ ೧೪ಕ್ಕೆ ಇಳಿದಿತ್ತು. ಇಂಜಿನ್ನಿನ ಸದ್ದಿನಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ನಮ್ಮ ಬಡಾವಣೆಯ ಮೇಸ್ತ್ರಿಯು ಬಾನೆಟ್ಟನ್ನು ತೆರೆಯಲೂ ಇಲ್ಲ. ಜಾಕಿಯಿಂದ ಒಂದೊಂದೇ ಚಕ್ರವನ್ನೆತ್ತಿ ಕೈಯಿಂದ ತಿರುಗಿಸಿ ನೋಡಿದನು. ಮೂರು ಚಕ್ರಗಳು ಸಲೀಸಾಗಿ ತಿರುಗಿದುವು. ಹಿಂದಿನ ಬಲಗಡೆಯ ಚಕ್ರ ಅರ್ಧ ಸುತ್ತಿಗೇ ನಿಂತಿತು.

“ಇಂಜಿನ್ನಿಗೆ ಏನೂ ಆಗಿಲ್ಲ, ಸ್ವಾಮಿ. ಬ್ರೇಕು ಹಿಡಿದುಕೊಂಡಿದೆ. ಕಾಲು ಕಟ್ಟಿ ಓಡು ಎಂದರೆ ಯಾರು ತಾನೆ ಓಡುತ್ತಾರೆ?” ಎಂದನು.

ಒಳಗಿನ ಸಿಲಿಂಡರು ತುಕ್ಕುಹಿಡಿದು ಬಿಗಿದುಕೊಂಡಿತ್ತು. ಹಿಂದಿನ ಎರಡು ಚಕ್ರಗಳಿಗೂ ಹೊಸ ಸಿಲಿಂಡರು, ಹೊಸ ಬ್ರೇಕ್ ಶೂ, ಕೂಲಿ ಸೇರಿ ೨,೬೦೦ ರೂಪಾಯಿ ಆಯಿತು. ಅದರೊಡನೆ ಬ್ರೇಕಿನ ಎಣ್ಣೆಯನ್ನು ಪೂರ್ತಿಯಾಗಿ ಹೊರತೆಗೆದು ಹೊಸದನ್ನು ತುಂಬಿಸಿದೆವು. ಈ ಎಣ್ಣೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಇದನ್ನು ಬದಲಾಯಿಸುವವರು ಕಡಿಮೆ. ಉಪ್ಪು ಮಳೆಗಾಲದಲ್ಲಿ ನೀರೊಡೆಯುವಂತೆ ಬ್ರೇಕಿನ ಎಣ್ಣೆಯೂ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಡಾಟ್ ೩ ಎಂಬ ಸಾಮಾನ್ಯ ದರ್ಜೆಯ ಎಣ್ಣೆಯು ಹೊಸದಾಗಿರುವಾಗ ೨೦೫ ಡಿಗ್ರಿ ಸೆಂಟಿಗ್ರೇಡಿನವರೆಗಾದರೂ ಕುದಿಯಬಾರದು. ತೇವ ಹಿಡಿದ ಮೇಲೆ ೧೪೦ ಡಿಗ್ರಿಗೆ ಕುದಿದೀತು. ಊರೊಳಗೆ ಓಡಾಡುವಾಗ ಇದರ ತಾರತಮ್ಯ ತಿಳಿಯುವುದಿಲ್ಲ. ಘಟ್ಟವನ್ನಿಳಿಯುತ್ತ ಬ್ರೇಕನ್ನು ತುಳಿದೇ ಇದ್ದರೆ ಶಾಖವು ಎಣ್ಣೆಗೆ ಮುಟ್ಟುತ್ತದೆ, ಎಣ್ಣೆ ಕುದಿದು ಆವಿಯಾಗುತ್ತದೆ, ಆವಿಯು ಒತ್ತಿದಂತೆ ಕುಗ್ಗುತ್ತದೆ. ಆಗ ತುಳಿದ ಕಾಲು ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ಎಣ್ಣೆಯನ್ನು ಬದಲಾಯಿಸುವುದಕ್ಕೆ ಆಗುವ ವೆಚ್ಚವು ಒಂದು ಹೊತ್ತು ಮನೆಮಂದಿಯೆಲ್ಲ ಹೋಟೆಲಿನಲ್ಲಿ ಉಂಡ ವೆಚ್ಚಕ್ಕಿಂತ ಹೆಚ್ಚಲ್ಲ.

ಟಯರುಗಳನ್ನೂ ನೋಡಿದೆವು. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳನ್ನು ಒತ್ತಿರುತ್ತಾರೆ. ೨೩೧೯ ಎಂದಿದ್ದರೆ ೨೦೧೯ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಗೆರೆಗಳ ಆಳವು ೧.೬ ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರ ಆ ಟಯರು ರಸ್ತೆಗೆ ಸಲ್ಲದು. ಗೆರೆಗಳಿದ್ದರೂ ರಬ್ಬರು ಮುದಿಯಾಗಿ ಬಿರುಕುಬಿಟ್ಟಿದ್ದರೆ ಅದೂ ಸಲ್ಲದು. ನಮ್ಮವು ಮೂರು ವರ್ಷದವು. ಹನ್ನೆರಡು ಅಂಗುಲದ ಸಣ್ಣ ಚಕ್ರಗಳಾದುದರಿಂದ ನಾಲ್ಕನ್ನೂ ಒಮ್ಮೆಲೇ ಕೊಂಡರೂ ಮನೆ ಮುಳುಗುವುದಿಲ್ಲ.

ಬೆಳಗಿನ ಐದು ಗಂಟೆಗೆ, ಇಂಜಿನ್ನು ತಣ್ಣಗಿರುವಾಗಲೇ ರೇಡಿಯೇಟರಿನ ನೀರು, ಇಂಜಿನ್ನಿನ ಎಣ್ಣೆ ನೋಡಿ ಹೊರಟೆವು. ದೊಡ್ಡಮ್ಮನವರು ಮುಂದೆ, ನಮ್ಮ ಮನೆಯವರು ಮಗನೊಡನೆ ಹಿಂದೆ. ತುಮಕೂರು ದಾಟುವ ಹೊತ್ತಿಗೆ ಬೆಳಕು ಹರಿಯಿತು. ಅರವತ್ತು ಕಿಲೋಮೀಟರಿನ ವೇಗವನ್ನು ಮೀರಬಾರದೆಂಬುದು ನಮ್ಮ ಹಳೆಯ ನಿಯಮ. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ಅದು ಇನ್ನೂ ಗಟ್ಟಿಯಾಗಿದೆ. ಲಾರಿಗಳೂ ನಮ್ಮನ್ನು ಹಿಂದೆ ಹಾಕಿ ಹೋಗುತ್ತವೆ. ಹೋಗಲಿ. ತಿಪಟೂರಿನ ತೆಂಗಿನ ತೋಟಗಳು, ಅರಸೀಕೆರೆಯ ಒಣನೆಲ, ಕಡೂರಿನ ಬಯಲು; ಇವು ನಿಧಾನವಾಗಿ ಹೋಗುವವನಿಗೆ ಮಾತ್ರ ಒಂದರಿಂದೊಂದು ಬೇರೆಯಾಗಿ ಕಾಣುತ್ತವೆ. ತರೀಕೆರೆಯ ಬಳಿ ಅಡಕೆಯ ಮರಗಳು ತಲೆದೋರಿದಾಗ ದೊಡ್ಡಮ್ಮನವರು ಕಿಟಕಿಯ ಗಾಜನ್ನು ಇಳಿಸಿಕೊಂಡು, “ಇನ್ನು ನಮ್ಮ ಸೀಮೆ” ಎಂದರು. ಮೈಸೂರು ಸಂಸ್ಥಾನದ ಕಾಲದ ಕಬ್ಬಿಣದ ಕಾರ್ಖಾನೆಯ ಭದ್ರಾವತಿಯನ್ನು ದಾಟಿ ಮಧ್ಯಾಹ್ನಕ್ಕೆ ಶಿವಮೊಗ್ಗವನ್ನು ಸೇರಿದೆವು.

ಶಿವಮೊಗ್ಗಕ್ಕೆ ಬರುವಾಗ ಮುಂಭಾಗದಿಂದ ಕೀರಲು ಸದ್ದೊಂದು ಕೇಳತೊಡಗಿತ್ತು. ಸಾಗರ ರಸ್ತೆಯಲ್ಲಿ ಆಟೋ ಕಾಂಪ್ಲೆಕ್ಸ್ ಎಂಬ ಕೇರಿಯಿದೆ. ಮೋಟಾರಿನ ಎಲ್ಲ ಕಸುಬಿನವರೂ ಒಂದೆಡೆ ನೆಲೆಸಿರುವ ಸ್ಥಳ. ಒಂದು ಕಡೆ ಲೇತು ತಿರುಗುತ್ತಿರುತ್ತದೆ, ಇನ್ನೊಂದು ಕಡೆ ಬೆಸುಗೆಯ ಕಿಡಿ ಹಾರುತ್ತಿರುತ್ತದೆ. ದೊಡ್ಡ ಊರಿನಲ್ಲಿ ‘ಬದಲಾಯಿಸಬೇಕು’ ಎನ್ನುವ ಕಡೆ ಇಲ್ಲಿಯವರು ‘ನೋಡೋಣ’ ಎನ್ನುತ್ತಾರೆ. ಆ ಒಂದು ಮಾತಿಗಾಗಿಯೇ ನಾವು ಇಲ್ಲಿಗೆ ಬರುವುದು. ಹುಡುಗನೊಬ್ಬನು ಬಾನೆಟ್ಟು ತೆರೆದು, ವಾಡಿಕೆಯಲ್ಲಿ ಫ್ಯಾನ್ ಬೆಲ್ಟೆನ್ನುವ, ಆಲ್ಟರ್ನೇಟರನ್ನು ತಿರುಗಿಸುವ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದನು. ಪಟ್ಟಿ ಸಡಿಲವಾಗಿತ್ತು. ಎರಡು ಬೋಲ್ಟು ಸಡಿಲಿಸಿ, ಹಾರೆಯಿಂದ ಮೀಟಿ, ಮತ್ತೆ ಬಿಗಿದನು. ಹತ್ತು ನಿಮಿಷದ ಕೆಲಸ, ೧೫೦ ರೂಪಾಯಿ. ಹಣ ತೆಗೆದುಕೊಳ್ಳುತ್ತ ಅವನ ಹಿರಿಯ ಮೇಸ್ತ್ರಿಯು, “ಟೈಮಿಂಗ್ ಬೆಲ್ಟು ಯಾವಾಗ ಹಾಕಿಸಿದ್ದು, ಯಜಮಾನರೆ?” ಎಂದು ಕೇಳಿದನು. ಪುಸ್ತಕದಲ್ಲಿ ೨೦೨೦ ಎಂದಿತ್ತು. “ಈ ಪ್ರಯಾಣಕ್ಕೆ ಭಯವಿಲ್ಲ. ಊರಿಗೆ ಹೋದ ಮೇಲೆ ತಡಮಾಡಬೇಡಿ” ಎಂದನು. ಇಂಜಿನ್ನಿನ ಕವಾಟಗಳನ್ನು ವೇಳೆಗೆ ಸರಿಯಾಗಿ ತೆರೆದು ಮುಚ್ಚಿಸುವ ಹಲ್ಲಿನ ಪಟ್ಟಿಯದು. ಕಣ್ಣಿಗೆ ಕಾಣದಂತೆ ಮುಚ್ಚಳದೊಳಗಿರುತ್ತದೆ. ಕಿತ್ತುಹೋದರೆ ಗಾಡಿ ಇದ್ದಲ್ಲಿಯೇ ನಿಲ್ಲುತ್ತದೆ. ಕಡಿಮೆ ಓಡಿದರೂ ರಬ್ಬರಿಗೆ ವಯಸ್ಸು ಬಿಡುವುದಿಲ್ಲ. ಮಗನು ಈ ಮಾತನ್ನು ಗಮನವಿಟ್ಟು ಕೇಳುತ್ತಿದ್ದನು. ಅವನ ಲೆಕ್ಕಕ್ಕೆ ಇದೊಂದು ಹೊಸ ಆಧಾರವಾಯಿತೆಂದು ನಾವು ಎಣಿಸಿದೆವು.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಅರವತ್ತು ಕಿಲೋಮೀಟರಿನ ಮೇಲೆ ಚೂರು. ಗಾಜನೂರಿನ ಅಣೆಕಟ್ಟು, ಆನೆಗಳ ಸಕ್ರೆಬೈಲು, ಹಕ್ಕಿಗಳ ಮಂಡಗದ್ದೆ; ತುಂಗೆಯು ದಾರಿಯುದ್ದಕ್ಕೂ ಮರಗಳ ಸಂದಿನಲ್ಲಿ ಕಾಣಿಸಿಕೊಂಡು ಮರೆಯಾಗುತ್ತ ಬರುತ್ತಾಳೆ. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಯ ಜಾತ್ರೆಯ ಜನ. ಪರಶುರಾಮನು ತನ್ನ ಕೊಡಲಿಗೆ ಅಂಟಿದ ರಕ್ತವನ್ನು ಇಲ್ಲಿ ತೊಳೆದನೆಂದು ಪ್ರತೀತಿ. ಹೊಳೆಯ ಬಂಡೆಗಳ ನಡುವಿನ ತೀರ್ಥದಲ್ಲಿ ಮುಳುಗಿ ರಾಮೇಶ್ವರನ ದರ್ಶನ ಮಾಡುವುದು ಅಂದಿನ ವಿಧಿ. ದೊಡ್ಡಮ್ಮನವರು ಮಗನ ತೋಳನ್ನೂ ನಮ್ಮ ತೋಳನ್ನೂ ಹಿಡಿದು ಬಂಡೆಯ ಮೇಲೆ ಕುಳಿತು, ತಂಬಿಗೆಯಲ್ಲಿ ನೀರು ಮೊಗೆದು ತಲೆಗೆ ಸುರಿದುಕೊಂಡರು. ಆಮೇಲೆ ಬಹಳ ಹೊತ್ತು ಏನೂ ಮಾತನಾಡಲಿಲ್ಲ.

ಮಲೆನಾಡಿನಲ್ಲಿ ಗಾಡಿಯ ಶತ್ರು ದೂರವಲ್ಲ, ತೇವ. ಕೆಸರು ಅಡಿಯಲ್ಲಿ ಕೂತು ತಗಡನ್ನು ಒಳಗಿಂದೊಳಗೇ ತಿನ್ನುತ್ತದೆ. ಹಳೆಯ ಇಂಜಿನ್ ಎಣ್ಣೆಯನ್ನು ಗಾಡಿಯ ಅಡಿಗೆ ಬಳಿದರೆ ತುಕ್ಕು ಹಿಡಿಯುವುದಿಲ್ಲವೆಂದು ಅಲ್ಲೊಬ್ಬರು ಉಪಾಯ ಹೇಳಿದರು. ಖರ್ಚಿಲ್ಲದ ಉಪಾಯವೇನೋ ಹೌದು, ನಮಗೆ ಒಪ್ಪಿಗೆಯಾಗಲಿಲ್ಲ. ಆ ಎಣ್ಣೆಯು ರಬ್ಬರಿನ ಭಾಗಗಳನ್ನು ಕೆಡಿಸುತ್ತದೆ. ಮಳೆಗೆ ತೊಳೆದು ಕೊನೆಗೆ ಸೇರುವುದೂ ಆ ಹೊಳೆಯನ್ನೇ. ಮಳೆಗಾಲ ಮುಗಿದೊಡನೆ ಅಡಿಯನ್ನು ನೀರಿನಿಂದ ಚೆನ್ನಾಗಿ ತೊಳೆಸಿ, ಬಣ್ಣ ಎದ್ದ ಕಡೆ ಉಜ್ಜಿ ತುಕ್ಕು ತಡೆಯುವ ಬಣ್ಣ ಬಳಿದರೆ ಸಾಕು.

ಮಾರನೆಯ ದಿನ ಆಗುಂಬೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಊರು ಆ ದಿನ ತಿಳಿಬಿಸಿಲಿನಲ್ಲಿ ಮೈಕಾಯಿಸಿಕೊಳ್ಳುತ್ತಿತ್ತು. ಊರು ದಾಟಿದೊಡನೆ ನೆಲ ಮುಗಿದುಹೋಗುತ್ತದೆ. ಕೆಳಗೆ ಸೋಮೇಶ್ವರದವರೆಗೆ ದಟ್ಟವಾದ ಕಾಡು, ಅದರೊಳಗೆ ಹದಿನಾಲ್ಕು ಕಡಿದಾದ ತಿರುವುಗಳು. ಭಾರಿ ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ. ಗಾಡಿಯನ್ನು ಮೇಲೆಯೇ ಎರಡನೆಯ ಗೇರಿಗೆ ಹಾಕಿ ಇಳಿಯಲು ತೊಡಗಿದೆವು. ಹಾಗೆ ಹಾಕಿದರೆ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕಿನ ಕೆಲಸ ತಿರುವಿನಲ್ಲಿ ಮಾತ್ರ. ದೊಡ್ಡಮ್ಮನವರು ಇಂಜಿನ್ನಿನ ಗುರುಗುಡುವಿಕೆಯನ್ನು ಕೇಳಿ, “ನಮ್ಮಪ್ಪ ಎತ್ತಿನ ಗಾಡಿಯನ್ನು ಇಳಿಜಾರಿನಲ್ಲಿ ಇಳಿಸುವಾಗ ಹಿಂದೆ ಮರದ ದಿಮ್ಮಿ ಕಟ್ಟಿ ಎಳೆಸುತ್ತಿದ್ದರು. ಇದೂ ಹಾಗೆಯೋ?” ಎಂದು ಕೇಳಿದರು. ಇದಕ್ಕಿಂತ ಚೆನ್ನಾಗಿ ನಾವು ವಿವರಿಸಲಾರೆವು.

ಅರ್ಧ ದಾರಿಯಲ್ಲಿ, ತಿರುವೊಂದರ ಅಗಲವಾದ ಅಂಚಿನಲ್ಲಿ, ಹೊಚ್ಚಹೊಸ ದೊಡ್ಡ ಗಾಡಿಯೊಂದು ನಿಂತಿತ್ತು. ಸುಟ್ಟ ವಾಸನೆ ದೂರಕ್ಕೇ ಬರುತ್ತಿತ್ತು. ಎಳೆಯ ದಂಪತಿಗಳು, ಒಂದು ಮಗು. ಗಂಡಸು ಮುಂದಿನ ಚಕ್ರಕ್ಕೆ ಬಾಟಲಿಯ ನೀರನ್ನು ಸುರಿಯಲಿದ್ದನು. ನಮ್ಮ ಮಗನು ಕಿಟಕಿಯಿಂದಲೇ ಕೂಗಿ ತಡೆದನು. ಕೆಂಡದಂತೆ ಕಾದ ಬ್ರೇಕಿನ ತಟ್ಟೆಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರಿಯಲೂಬಹುದು. “ಹೊಸ ಗಾಡಿ, ಸಾರ್, ಇನ್ನೂ ವರ್ಷ ಆಗಿಲ್ಲ. ಬ್ರೇಕು ಮೆತ್ತಗಾಗಿಬಿಟ್ಟಿತು” ಎಂದು ಆ ಗಂಡಸು ಗಾಬರಿಯಿಂದ ಹೇಳಿದನು. ವಿಚಾರಿಸಲಾಗಿ, ಪೆಟ್ರೋಲು ಉಳಿಯಲೆಂದು ಗೇರನ್ನು ತೆಗೆದು ನ್ಯೂಟ್ರಲಿನಲ್ಲಿಯೇ ಇಳಿದಿದ್ದನು. ಈ ನಂಬಿಕೆ ಅನೇಕರಲ್ಲಿದೆ. ವಿದ್ಯುತ್ ನಿಯಂತ್ರಣದಿಂದ ಇಂಧನ ಚಿಮ್ಮಿಸುವ ಈಗಿನ ಇಂಜಿನ್ನುಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಪೆಟ್ರೋಲಿನ ಹರಿವೇ ನಿಂತುಹೋಗುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲಿನಲ್ಲಾದರೋ ಇಂಜಿನ್ನು ತನ್ನನ್ನು ತಾನೇ ತಿರುಗಿಸಿಕೊಳ್ಳುವುದಕ್ಕೆ ಪೆಟ್ರೋಲನ್ನು ಸುಡುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಮುಕ್ಕಾಲು ಗಂಟೆ ಅವರೊಡನೆ ಕುಳಿತೆವು. ದೊಡ್ಡಮ್ಮನವರು ಮಗುವಿಗೆ ಎಳ್ಳುಂಡೆ ಕೊಟ್ಟರು. ಚಕ್ರಗಳು ತಣಿದು, ತುಳಿದಾಗ ಬ್ರೇಕು ಗಟ್ಟಿಯಾಗಿ ನಿಂತ ಮೇಲೆ ಅವರನ್ನು ಎರಡನೆಯ ಗೇರಿನಲ್ಲಿ ನಮ್ಮ ಹಿಂದೆಯೇ ಬರಹೇಳಿ ಮೆಲ್ಲಗೆ ಸೋಮೇಶ್ವರಕ್ಕೆ ಇಳಿದೆವು. ಕೆಳಗಿನ ಮೊದಲ ಗ್ಯಾರೇಜಿನಲ್ಲಿ ಅವರು ತೋರಿಸಿಕೊಳ್ಳಲು ನಿಂತರು. ನಾವು ಹೆಬ್ರಿಯ ದಾರಿ ಹಿಡಿದೆವು.

ಇಳಿಯುವುದು ಬ್ರೇಕಿನ ಪರೀಕ್ಷೆಯಾದರೆ ಹತ್ತುವುದು ನೀರಿನ ಪರೀಕ್ಷೆ. ಎರಡು ದಿನ ಕಳೆದು ಹಿಂದಿರುಗುವಾಗ ಹೆಬ್ರಿಯ ಚಿಕ್ಕಮ್ಮನವರು ಕೊಟ್ಟ ತೆಂಗಿನಕಾಯಿಯ ಮೂಟೆಯೊಂದು ಹೆಚ್ಚಾಗಿತ್ತು. ಮೊದಲನೆಯ ಮತ್ತು ಎರಡನೆಯ ಗೇರುಗಳಲ್ಲಿಯೇ ಏರುತ್ತ ಒಂಬತ್ತನೆಯ ತಿರುವಿಗೆ ಬರುವಷ್ಟರಲ್ಲಿ ಶಾಖದ ಮುಳ್ಳು ನಡುಗೆರೆಯನ್ನು ದಾಟಿತು. ಮಗನು ಮುಳ್ಳನ್ನೇ ನೋಡುತ್ತಿದ್ದನು. ಅಗಲವಾದ ಕಡೆ ನಿಲ್ಲಿಸಿ, ಬಾನೆಟ್ಟನ್ನು ಮಾತ್ರ ತೆರೆದೆವು. ರೇಡಿಯೇಟರಿನ ಮುಚ್ಚಳವನ್ನು ಮುಟ್ಟಲಿಲ್ಲ. ಕಾದಾಗ ಅದನ್ನು ತೆರೆದು ಮುಖ ಸುಟ್ಟುಕೊಂಡವರ ಕಥೆಗಳು ಪ್ರತಿ ಗ್ಯಾರೇಜಿನಲ್ಲಿಯೂ ಉಂಟು. ಇಂಜಿನ್ನು ತಣಿಯುವವರೆಗೆ ಮೇಲಿನ ಮರದಲ್ಲಿ ಕೋತಿಗಳ ಸಂಸಾರವನ್ನು ನೋಡುತ್ತ ಕುಳಿತೆವು. ಸಿಂಹದ ಕೇಸರದಂತೆ ಮುಖದ ಸುತ್ತ ಕೂದಲುಳ್ಳ ಸಿಂಗಳೀಕಗಳೂ ಈ ಸೋಮೇಶ್ವರದ ಕಾಡಿನಲ್ಲಿವೆ. ಅವು ನಾಚಿಕೆಯ ಪ್ರಾಣಿಗಳು, ರಸ್ತೆಗೆ ಬರುವುದು ಅಪರೂಪ. ಇಪ್ಪತ್ತು ನಿಮಿಷಕ್ಕೆ ಮುಳ್ಳು ಇಳಿಯಿತು. ಹೊರಗಿನ ಡಬ್ಬಿಯಲ್ಲಿನ ನೀರಿನ ಮಟ್ಟ ಇದ್ದಲ್ಲಿಯೇ ಇತ್ತು. ಸೋರಿಕೆಯಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಅಲ್ಲಿಂದ ಮುಂದೆ ನಿಲ್ಲದೆ ಆಗುಂಬೆಯನ್ನು ಮುಟ್ಟಿದೆವು.

ಬೆಂಗಳೂರಿಗೆ ಬಂದ ರಾತ್ರಿ ಲೆಕ್ಕ ಕೂಡಿಸಿದೆವು. ಒಟ್ಟು ಓಡಿದ್ದು ೮೭೪ ಕಿಲೋಮೀಟರು. ಪೆಟ್ರೋಲು ೫೪ ಲೀಟರು, ಸುಮಾರು ೫,೬೦೦ ರೂಪಾಯಿ. ದಾರಿಯಲ್ಲಿ ರಿಪೇರಿ ೧೫೦. ಲೀಟರಿಗೆ ಮತ್ತೆ ೧೬ ಬಂದಿತ್ತು. ಪುಸ್ತಕವನ್ನು ಊಟದ ಮೇಜಿನ ಮೇಲೆ ಬಿಟ್ಟು ಮಲಗಿದೆವು. ಬೆಳಿಗ್ಗೆ ನೋಡಿದಾಗ ಲೆಕ್ಕದ ಕೆಳಗೆ ಮಗನ ಅಕ್ಷರದಲ್ಲಿ ಒಂದು ಸಾಲು ಸೇರಿತ್ತು: “ಟೈಮಿಂಗ್ ಬೆಲ್ಟು, ಅಸಲಿ. ಶನಿವಾರ ನಾನೇ ತರುತ್ತೇನೆ.”